ಹತ್ತನೇ ಕ್ಲಾಸಿಗೆ ಕೆಂಪು ಬಳಿದದ್ದು

ನಮ್ಮ ಭಾವನ ಕ್ಯಾಮೆರಾ ಸರಿಯಿಲ್ಲ ಅಂತ ಯಾರಾದರೂ ಅಂದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಕ್ಯಾಮೆರಾ ಸರಿಯಾಗೇ ಇತ್ತು. ಲೆನ್ಸು ಸರಿಯಾಗೇ ಇತ್ತು. ದೀಪಗಳು, ಅವನ್ನು ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು, ಹಿಂದೆ ಇಳಿಬಿಡುವ ನೀಲಿ ಪರದೆ, ಒಂದರಲ್ಲೂ ಐಬಿರಲಿಲ್ಲ. ಐಬು ಇದ್ದದ್ದು ಎಲ್ಲಿ ಅಂತ ಹೇಳುವುದಕ್ಕೇ ನಾನು ಗಂಟಲು ಹರಿದುಕೊಳ್ಳುತ್ತಿರುವುದು. ಆದರೆ ಮೊದಲಿನಿಂದ ಹೇಳದಿದ್ದರೆ ನಿಮಗೆ ಸಿಟ್ಟು ಬರುವುದಿಲ್ಲ. ನಿಮಗೆ ಸಿಟ್ಟು ಬರದಿದ್ದರೆ ನನಗೆ ಸಮಾಧಾನವಿಲ್ಲ.

ಭಾವನ ಸ್ಟುಡಿಯೋ ಇರುವುದು ಹೈಸ್ಕೂಲಿನ ಗೇಟಿಗೆ ಎದುರಾಗಿ. ಅದಕ್ಕೆ ಅಂಟಿಕೊಂಡ ಗೂಡಿನಲ್ಲಿ ನನ್ನ ಬ್ಯಾಗ್ ರಿಪೇರಿ ಅಂಗಡಿ. ನಡುವೆ ಒಂದು ಪ್ಲೈವುಡ್ ಹಲಗೆ. ಆ ಕಡೆ ಭಾವ ಗಿರಾಕಿಗೆ "ಸ್ವಲ್ಪ ನಗಿ" ಅಂದರೆ ಈ ಕಡೆ ಸೂಜಿ ಹಿಡಿದು ಕೂತ ನಾನೂ ನಕ್ಕುಬಿಡುವಷ್ಟು ತೆಳು ಹಲಗೆ. ಮಹಡಿಯ ಮೇಲೆ ಅವರ ಮನೆ. ಅಕ್ಕ, ಭಾವ, ಹತ್ತನೇ ಕ್ಲಾಸಿನಲ್ಲಿ ಓದುವ ಮಗಳು. ಮಗಳನ್ನು ನಾವೆಲ್ಲ ಕರೆಯುವುದು ಮಿಂಚು ಅಂತ. ಚಿಕ್ಕವಳಿದ್ದಾಗ ಮೆಟ್ಟಿಲ ಮೇಲೆ ಅವಳು ಹತ್ತಿದ್ದು ಕಾಣುತ್ತಿರಲಿಲ್ಲ, ಧಡಧಡ ಸದ್ದು ಮಾತ್ರ ಕೇಳುತ್ತಿತ್ತು. ಈ ವರ್ಷ ಅವಳು ಸ್ಕೂಲಿಂದ ಬಂದವಳು ಅರ್ಧ ಮೆಟ್ಟಿಲಿಗೇ ಕೂತುಬಿಡುತ್ತಿದ್ದಳು, ಗೋಡೆಗೆ ತಲೆ ಆನಿಸಿ, ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು.

"ಏನೇ ಅದು, ಮೆಟ್ಟಿಲ ಮೇಲೆ ಸಂಸಾರ ಹೂಡಿದೀಯಾ?" ಅಂದರೆ, "ಸುಮ್ನೆ ಮಾಮ, ಕಾಲು ಸೋತುಹೋಗಿದೆ" ಅನ್ನುವಳು.

"ಸೋತಿಲ್ಲ ಕಣೋ, ಯೋಚನೆ ಮಾಡ್ತಿದಾಳೆ," ಅನ್ನುವನು ಭಾವ, ಸ್ಟುಡಿಯೋ ಬಾಗಿಲಲ್ಲಿ ನಿಂತು. "ಹತ್ತನೇ ಕ್ಲಾಸು ಅಂದ್ರೆ ತಮಾಷೆನಾ? ಒಂದೇ ಕಡೆ ಕೂತು ಅಷ್ಟು ಹೊತ್ತು ಯೋಚನೆ ಮಾಡೋ ಮಕ್ಕಳು ಈಗ ಎಲ್ಲಿದಾರೆ ಹೇಳು!"

ಊರಿನ ಎಲ್ಲ ಮನೆಗಳ ಮೆಟ್ಟಿಲ ಮೇಲೂ ಇದ್ದರು. ಅದು ನಮಗೆ ಆಗ ಹೊಳೆಯಲಿಲ್ಲ.

ಆ ಹುಡುಗಿಯ ದಿನಚರಿ ಕೇಳಿ. ಕಣ್ಣು ಬಿಡುವ ಮೊದಲೇ ಟ್ಯೂಷನ್. ಹೊಟ್ಟೆಗೆ ಒಂದು ಲೋಟ ಟೀ. ಟ್ಯೂಷನ್‌ನಿಂದ ಹಾಗೇ ಸ್ಕೂಲು. ಅಕ್ಕ ಬೆನ್ನು ಹತ್ತಿ ಹೋಗಿ ಊಟದ ಡಬ್ಬಿ ಕೊಟ್ಟರೆ "ಡಬ್ಬಿ ತಂದ್ರೆ ಎಳೇ ಪಾಪು ಅಂತ ನಗ್ತಾರಮ್ಮ, ಕ್ಲಾಸಲ್ಲಿ ಯಾರೂ ತರಲ್ಲ" ಅಂತ ವಾಪಸ್ ಅವಳ ಕೈಗೇ ತುರುಕಿ ಓಟ. ಮಧ್ಯಾಹ್ನಕ್ಕೆ ಸ್ಕೂಲಿನ ಕ್ಯಾಂಟೀನು. ಅಲ್ಲಿ ಸಿಗುವುದು ಗಾಳಿ ತುಂಬಿದ ಚಿಪ್ಸ್ ಪೊಟ್ಟಣ, ಕ್ರೀಮ್ ಬನ್ನು, ಬಾಟಲಿಯಲ್ಲಿ ಕಿತ್ತಳೆ ಬಣ್ಣದ ಸಕ್ಕರೆ ನೀರು. ಸಂಜೆ ಬಂದರೆ ತಲೆನೋವು. ರಾತ್ರಿ ತಟ್ಟೆಯ ಮುಂದೆ ಎರಡು ತುತ್ತು ಕೆದಕಿ "ಹಸಿವಿಲ್ಲ". ಅಕ್ಕ ಬಾಯಿ ಬಡಿದುಕೊಂಡರೆ ಭಾವನದು ಒಂದೇ ತೀರ್ಪು. "ಪರೀಕ್ಷೆ ಮುಗೀಲಿ ಬಿಡೆ, ಆಮೇಲೆ ತಿಂತಾಳೆ. ಹೊಟ್ಟೆ ತುಂಬಿದ್ರೆ ನಿದ್ದೆ ಬರುತ್ತೆ, ನಿದ್ದೆ ಬಂದ್ರೆ ಮಾರ್ಕು ಹೋಗುತ್ತೆ."

ನನ್ನ ಅಂಗಡಿಗೆ ಬರುತ್ತಿದ್ದ ಸ್ಕೂಲ್ ಬ್ಯಾಗುಗಳದ್ದೂ ಒಂದೇ ಕಾಯಿಲೆ. ಜಿಪ್ಪಿನ ಹಲ್ಲಿಗೆ ಚಿಪ್ಸ್ ಪುಡಿ ಸಿಕ್ಕಿ ಎಳೆದರೂ ಬಾರದು, ನೂಕಿದರೂ ಹೋಗದು. ನಾನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ಉಜ್ಜಿ ಕಿತ್ತಳೆ ಬಣ್ಣದ ಪುಡಿ ಉದುರಿಸುತ್ತ ಜಿಪ್ ತಯಾರಿಸುವ ಕಂಪನಿಯವರ ವಂಶಕ್ಕೆ ಹಿಡಿಶಾಪ ಹಾಕುತ್ತಿದ್ದೆ.

ಇಂಥ ಹೊತ್ತಿನಲ್ಲಿ ಭಾವನಿಗೆ ತಜ್ಞನಾಗುವ ಹುಚ್ಚು ಹಿಡಿಯಿತು. ಯಾವುದೋ ಕಂಪನಿಯವರು ದೀಪ ಮಾರುವುದಕ್ಕೆ ನಡೆಸಿದ ಎರಡು ದಿನದ ತರಬೇತಿಗೆ ಹೋಗಿ ಬಂದ. ಬರುವಾಗ ಕುತ್ತಿಗೆಗೆ ಒಂದು ಬ್ಯಾಡ್ಜು, ಕೈಯಲ್ಲಿ ಎರಡು ಹೊಸ ದೀಪ. ಮರುದಿನವೇ ಸ್ಟುಡಿಯೋ ನೆತ್ತಿಯ ಮೇಲೆ ಬೋರ್ಡು ಬಂತು, "ಬೆಳಕು ತಜ್ಞರು" ಅಂತ. ತಜ್ಞ ಅಂತಲೂ ಅಲ್ಲ, ತಜ್ಞರು!

"ಭಾವ, ಇರೋದು ನೀನೊಬ್ಬನೇ ಅಲ್ವಾ?" ಅಂದೆ.

"ಗೌರವಕ್ಕೆ ಕಣೋ. ನಮಗೆ ನಾವೇ ಕೊಟ್ಕೊಳ್ದೇ ಇದ್ರೆ ಬೇರೆಯೋರು ಕೊಡ್ತಾರಾ?"

ಪಕ್ಕದ ದೀಪದ ಅಂಗಡಿಯವನು ರಸ್ತೆಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ಬೋರ್ಡು ಓದಿ, "ನಲವತ್ತು ವರ್ಷದಿಂದ ಬಲ್ಬು ಮಾರ್ತಿದೀನಿ, ನಾನು ತಜ್ಞ ಆಗ್ಲಿಲ್ಲ ನೋಡಪ್ಪ" ಅಂತ ರಾಗ ಎಳೆದು ಹೋದ. ಭಾವ ತಲೆ ಕೆಡಿಸಿಕೊಳ್ಳಲಿಲ್ಲ. ಅವನ ಕಣ್ಣಿದ್ದದ್ದು ಎದುರಿನ ಗೇಟಿನ ಮೇಲೆ.

ಹೈಸ್ಕೂಲಿನ ಹೆಡ್ಮಾಸ್ಟರಿಗೂ ಆಗ ಒಂದು ಹುಚ್ಚು ಹಿಡಿದಿತ್ತು. ಇಲಾಖೆಯವರು "ಆರೋಗ್ಯವಂತ ಶಾಲೆ" ಅಂತ ಒಂದು ಪ್ರಶಸ್ತಿ ಕೊಡುವವರಿದ್ದರು. ದೊಡ್ಡ ಅಧಿಕಾರಿ ಖುದ್ದಾಗಿ ನೋಡಲು ಬರುವವರು. ಮಕ್ಕಳಿಗೆ ಏನಾದರೂ ಮಾಡಿ ಆರೋಗ್ಯ ಕೊಡುವುದು ದೊಡ್ಡ ಕೆಲಸ, ಅದಕ್ಕೆ ಹೆಡ್ಮಾಸ್ಟರು ಗೇಟಿನ ಮೇಲೆ ದೊಡ್ಡ ಬೋರ್ಡು ಹಾಕುವುದು ಅಂತ ತೀರ್ಮಾನಿಸಿದ್ದರು. ಹತ್ತನೇ ಕ್ಲಾಸಿನ ಎಲ್ಲರ ಮುಖ, ಮೇಲೆ "ಆರೋಗ್ಯವೇ ನಮ್ಮ ಮೊದಲ ಪಾಠ" ಅನ್ನುವ ಸಾಲು. ಬೋರ್ಡಿನ ಖರ್ಚು ಕ್ಯಾಂಟೀನಿನವನದು. ಕ್ಯಾಂಟೀನಿನವನು ಹೆಡ್ಮಾಸ್ಟರ ಷಡ್ಡಕ. ಆದ್ದರಿಂದ ಬೋರ್ಡಿನ ಕೆಳಗಡೆ ಚಿಪ್ಸ್ ಪೊಟ್ಟಣದ ಚಿತ್ರವೂ ಇರತಕ್ಕದ್ದು.

ಭಾವ ಹೋಗಿ ನಿಂತ. "ಸಾರ್, ನನ್ನ ಬೆಳಕಲ್ಲಿ ಕಲ್ಲಿಗೂ ಕಳೆ ಬರುತ್ತೆ. ಮಕ್ಕಳ ವಿಷಯ ಕೇಳ್ಬೇಕಾ?"

ಕೆಲಸ ಸಿಕ್ಕಿತು. ಸ್ಕೂಲಿನ ಸಭಾಂಗಣದಲ್ಲಿ ಹೊಸ ದೀಪ ನಿಲ್ಲಿಸಿ ಒಬ್ಬೊಬ್ಬರನ್ನೇ ಸ್ಟೂಲಿನ ಮೇಲೆ ಕೂರಿಸಿ ಹೊಡೆದ. ಮಾದರಿ ಪ್ರತಿ ತೆಗೆದುಕೊಂಡು ಹೋದರೆ ಹೆಡ್ಮಾಸ್ಟರು ಕನ್ನಡಕ ಹಣೆಗೇರಿಸಿದರು, ಇಳಿಸಿದರು, ಮತ್ತೆ ಏರಿಸಿದರು. ಸಾಮಾನು ಹೊರಲು ಹೋಗಿದ್ದ ನಾನೂ ಅಲ್ಲೇ ಇದ್ದೆ.

"ಏನ್ರೀ ಇದು? ಎಲ್ಲಾರ ಮುಖಕ್ಕೂ ಬೂದಿ ಬಳಿದಂಗಿದೆ!"

"ಸಾರ್, ಗೋಡೆ..."

"ಗೋಡೆ ಏನ್ ಮಾಡ್ತು?"

"ಸಭಾಂಗಣದ ಗೋಡೆ ತಿಳಿಹಸಿರು ಸಾರ್. ಆ ಹಸಿರು ಮುಖದ ಮೇಲೆ ಬಿದ್ದು ಕೆಂಪನ್ನ ನುಂಗಿಬಿಡುತ್ತೆ. ತರಬೇತೀಲಿ ಹೇಳಿಕೊಟ್ರು."

"ಹಂಗಾದ್ರೆ ನನ್ನ ಫೋಟೋ ನೋಡಿ, ಅದೇ ಗೋಡೆ ಮುಂದೆ ತೆಗೆದಿದ್ದು! ನಾನು ಹೆಂಗಿದೀನಿ?"

ಹೆಡ್ಮಾಸ್ಟರು ಕೆಂಪಗೆ, ದುಂಡಗೆ ಇದ್ದರು. ಅವರಿಗೆ ಮಧ್ಯಾಹ್ನ ಮನೆಯಿಂದ ನಾಲ್ಕು ಅಂತಸ್ತಿನ ಕ್ಯಾರಿಯರ್ ಬರುತ್ತದೆ. ಭಾವ ತಲೆ ಕೆರೆದುಕೊಂಡ.

"ಮೊದಲೇ ನನಗೆ ಸಾವಿರ ತಲೆನೋವು," ಅಂತ ಹೆಡ್ಮಾಸ್ಟರು ಮೇಜು ಕುಟ್ಟಿದರು. "ಈ ಹತ್ತನೇ ಕ್ಲಾಸಲ್ಲಿ ಸೀಮೆಸುಣ್ಣ ಇಟ್ಟಿದ್ದು ಇಟ್ಟಲ್ಲಿ ಇರಲ್ಲ. ಡಬ್ಬಿಗಟ್ಟಲೆ ಕಳ್ಳತನ! ಸೀಮೆಸುಣ್ಣ ಕದ್ದು ಏನ್ರೀ ಮಾಡ್ತಾರೆ? ಅದರ ಮೇಲೆ ನಿಮ್ಮದೊಂದು. ಮುಖಕ್ಕೆ ಸ್ವಲ್ಪ ರಕ್ತ ತುಂಬಿಸ್ಕೊಂಡು ಬನ್ನಿ. ಇಲ್ಲಾಂದ್ರೆ ಬೇರೆ ಸ್ಟುಡಿಯೋದವರು ಕಾಯ್ತಿದಾರೆ."

ಹೊರಗೆ ಬಂದವನೇ ಭಾವ ನೆಟ್ಟಗೆ ದೀಪದ ಅಂಗಡಿಗೆ ನುಗ್ಗಿದ. ಹೊಸ ದೀಪಕ್ಕೆ ಬಲ್ಬು ಕೊಟ್ಟಿದ್ದವನು ಅವನೇ.

"ಕಳಪೆ ಮಾಲು ಕೊಟ್ಟು ನನ್ನ ಮಾನ ಕಳೆದ್ಯಲ್ಲಯ್ಯ!"

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ," ಅಂದ ಅಂಗಡಿಯವನು. "ತಜ್ಞರು ನೀವು. ಬಲ್ಬಿಗೇನು ಗೊತ್ತು ಪಾಪ?"

ಮಾತಿಗೆ ಮಾತು ಬೆಳೆಯಿತು. ನಾನೂ ನನ್ನ ಕೈಲಾದಷ್ಟು ಬೆಳೆಸಿದೆ. ಕೊನೆಗೆ ಪರೀಕ್ಷೆ ಆಗಿಯೇಬಿಡಲಿ ಅಂತ ಅವನನ್ನೇ ಎಳೆದು ತಂದು ಅದೇ ದೀಪದ ಕೆಳಗೆ, ಅದೇ ಸ್ಟೂಲಿನ ಮೇಲೆ ಕೂರಿಸಿ ಹೊಡೆದೆವು. ಫೋಟೋದಲ್ಲಿ ಅವನು ಹಣ್ಣಾದ ಟೊಮೆಟೋದ ಹಾಗೆ ಫಳಫಳ ಹೊಳೆಯುತ್ತಿದ್ದ.

ಭಾವ ಬಹಳ ಹೊತ್ತು ಆ ಫೋಟೋ ದಿಟ್ಟಿಸಿದ. ಆಮೇಲೆ ತೊಡೆ ತಟ್ಟಿದ.

"ಗೊತ್ತಾಯ್ತು ಕಣೋ! ಇವನು ಸಿಟ್ಟಲ್ಲಿದ್ದ!"

"ಆಂ?"

"ಸಿಟ್ಟು ಬಂದಾಗ ರಕ್ತ ಮುಖಕ್ಕೆ ನುಗ್ಗುತ್ತೆ. ಹೆಡ್ಮಾಸ್ಟರೂ ಸದಾ ಸಿಟ್ಟಲ್ಲೇ ಇರ್ತಾರೆ, ಅದಕ್ಕೇ ಕೆಂಪು. ಮಕ್ಕಳಿಗೆ ಸಿಟ್ಟು ಬರಿಸಿಲ್ಲ ನಾನು. ನಗಿ ನಗಿ ಅಂದ್ಬಿಟ್ಟೆ. ಅದೇ ತಪ್ಪಾಗಿದ್ದು!"

ನನಗೂ ಹೌದಲ್ಲ ಅನ್ನಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಆ ಬರೆ ಕಾಯಿಸುವುದಕ್ಕೆ ಒಲೆ ಊದಿದವನು ನಾನೇ.

ಎರಡನೇ ಸಲ ಸಭಾಂಗಣದಲ್ಲಿ ದೀಪ ನಿಂತವು. ಈ ಸಲ ಮಕ್ಕಳು ಬೆಂಚುಗಳ ಮೇಲೆ ಸಾಲಾಗಿ ನಿಂತಿದ್ದರು. ಭಾವ ಮೈಕು ಹಿಡಿದ.

"ಏಯ್ ಹಿಂದಿನ ಸಾಲು! ಈ ಸ್ಕೂಲಿನ ಚರಿತ್ರೇಲೇ ನಿಮ್ಮಷ್ಟು ಕಳಪೆ ಬ್ಯಾಚು ಬಂದಿಲ್ವಂತೆ! ಗೊತ್ತಾ?"

"ಗೊತ್ತು ಅಂಕಲ್," ಅಂದ ಒಬ್ಬ ಉದ್ದನೆಯ ಹುಡುಗ. "ಲೆಕ್ಕದ ಸಾರ್ ದಿನಾ ಹೇಳ್ತಾರೆ."

"ನಿಮಗೆ ಮಾನ ಮರ್ಯಾದೆ ಅನ್ನೋದು ಇದೆಯೇನ್ರೋ?"

ಯಾರೋ ಆಕಳಿಸಿದರು. ಒಂದು ಆಕಳಿಕೆ ಇಡೀ ಸಾಲಿಗೆ ಹಬ್ಬಿತು.

"ನೀವೆಲ್ಲ ಫೇಲಾಗ್ತೀರ!" ಅಂತ ಭಾವ ಬ್ರಹ್ಮಾಸ್ತ್ರ ಬಿಟ್ಟ.

"ಅಂಕಲ್, ಕೂತ್ಕೋಬಹುದಾ?" ಅಂತ ಒಬ್ಬಳು ಹುಡುಗಿ ಕೇಳಿದಳು.

ಮಿಂಚು ಮೇಲಿನ ಸಾಲಿನಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಅಪ್ಪ ಊರೆದುರು ಹೀಗೆ ಕೂಗಾಡಿದರೆ ಯಾವ ಮಗಳಿಗಾದರೂ ನಾಚಿಕೆಗಾದರೂ ಮುಖ ಕೆಂಪಾಗಬೇಕು. ಅವಳಿಗೆ ಅದೂ ಆಗಲಿಲ್ಲ.

ಇದನ್ನೆಲ್ಲ ನೋಡುತ್ತಿದ್ದ ಡ್ರಿಲ್ ಮೇಷ್ಟ್ರು ಸೀಟಿ ಊದಿದರು. "ಬಾಯಿ ಮಾತಲ್ಲಿ ರಕ್ತ ಏರಲ್ಲ ಕಣ್ರೀ. ಓಡಿಸ್ಬೇಕು! ಮೈದಾನಕ್ಕೆ ಮೂರು ಸುತ್ತು ಹಾಕಿಸ್ತೀನಿ, ಬಂದ ತಕ್ಷಣ ಹೊಡೀರಿ. ದಾಸವಾಳ ಆಗಿರ್ತಾರೆ."

ಓಡಿಸಿದರು. ಅರ್ಧ ಕ್ಲಾಸು ಮೊದಲನೇ ಸುತ್ತಿಗೇ ನೆಲ ಹಿಡಿಯಿತು. ಉಳಿದವರು ಏದುಸಿರು ಬಿಡುತ್ತ ಬಂದರೆ ತುಟಿಯ ಬಣ್ಣವೂ ಹೋಗಿತ್ತು. ಮೇಷ್ಟ್ರು ಸೀಟಿಯನ್ನು ಬಾಯಿಂದ ತೆಗೆದು, "ಈಗಿನ ಕಾಲದ ಮಕ್ಕಳೇ ಹಿಂಗೆ. ಮೊಬೈಲು!" ಅಂತ ಒಂದೇ ಮಾತಿನಲ್ಲಿ ಕೇಸು ಮುಗಿಸಿದರು. ಆ ಕ್ಷಣ ಮಕ್ಕಳ ಕೈಯಲ್ಲಿದ್ದದ್ದು ಮೊಬೈಲಲ್ಲ, ಕ್ಯಾಂಟೀನಿನ ಕಿತ್ತಳೆ ನೀರು. ಷಡ್ಡಕನಿಗೆ ಆ ದಿನ ಭರ್ಜರಿ ವ್ಯಾಪಾರ.

ಸಂಜೆ ಭಾವ ಕಂಪ್ಯೂಟರಿನ ಮುಂದೆ ಕೂತ. ಇನ್ನು ದಾರಿ ಒಂದೇ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಮುಖ ತೆರೆದ. ಕೆನ್ನೆಗೆ ಇಷ್ಟು ಕೆಂಪು. ತುಟಿಗೆ ಇಷ್ಟು. ಕಣ್ಣಿನ ಕೆಳಗಿನ ಕಪ್ಪನ್ನು ಉಜ್ಜಿ ಅಳಿಸು. ಹತ್ತು ಮುಖ ಆಗುವ ಹೊತ್ತಿಗೆ ಹುರುಪು ಬಂತು. "ನೋಡೋ, ನೋಡೋ, ಹೆಂಗೆ ಜೀವ ಬಂತು!" ಅನ್ನುತ್ತ ಹುಡುಗರನ್ನೆಲ್ಲ ಸೇಬು ಮಾಡಿಬಿಟ್ಟ. ಮಗಳ ಮುಖ ಬಂದಾಗ ಕೈ ನಿಲ್ಲಿಸಿದ. ಪರದೆಯ ತುಂಬ ಅಷ್ಟು ದೊಡ್ಡದಾಗಿ ಆ ಮುಖ ನಾನೂ ನೋಡಿರಲಿಲ್ಲ.

"ಇವಳದ್ದು ಎಲ್ಲಾರಿಗಿಂತ ಬಿಳಿಚಿದೆ ಅಲ್ವಾ?" ಅಂದ.

"ಹೂಂ."

"ನಮ್ಮ ಮಗಳು. ಸ್ವಲ್ಪ ಜಾಸ್ತೀನೇ ಹಾಕೋಣ." ಅಂದವನು ಎರಡು ಸಲ ಕೆಂಪು ಎಳೆದ.

ಬೋರ್ಡು ಗೇಟಿನ ಮೇಲೆ ಏರಿದ ದಿನ ಬೀದಿಯಲ್ಲಿ ಜಾತ್ರೆ. ಹೆಡ್ಮಾಸ್ಟರು ಭಾವನ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು. "ನೋಡಿ, ನೋಡಿ! ಇದು ನಮ್ಮ ಶಾಲೆ! ಇದಪ್ಪ ಆರೋಗ್ಯ!" ತಂದೆತಾಯಿಗಳು ತಲೆಯೆತ್ತಿ ತಂತಮ್ಮ ಮಕ್ಕಳನ್ನು ಹುಡುಕಿದರು. ಒಬ್ಬ ತಾಯಿ ತನ್ನ ಮಗನನ್ನೂ ಬೋರ್ಡಿನ ಮಗನನ್ನೂ ಮೂರು ಮೂರು ಸಲ ನೋಡಿ, ಮಗನ ತಲೆಗೆ ಮೊಟಕಿ, "ನೋಡು, ಅಲ್ಲಿ ಎಷ್ಟು ಲಕ್ಷಣವಾಗಿದೀಯ! ಮನೇಲಿ ಯಾಕೋ ಹಿಂಗಿರ್ತೀಯ?" ಅಂತ ಗದರಿದಳು. ಹುಡುಗ ಪಾಪ, ಬೋರ್ಡಿನವನ ಎದುರು ತನ್ನ ಪರವಾಗಿ ಏನು ಹೇಳಬೇಕೋ ತಿಳಿಯದೆ ಚಿಪ್ಸ್ ತಿನ್ನುತ್ತ ನಿಂತ. ದೀಪದ ಅಂಗಡಿಯವನೂ ಬಂದು, "ಒಪ್ಕೊಂಡೆ, ತಜ್ಞರೇ" ಅಂದ. ಭಾವ ಅಂದು ರಸ್ತೆಯ ನಡುವೆ ನಡೆದ.

ಅಕ್ಕ ಒಬ್ಬಳೇ ಹೊಗಳದೆ ಮೇಲೆ ನೋಡುತ್ತ ನಿಂತಳು. "ಚೆನ್ನಾಗಿದೆ ಅಲ್ವೇನೇ?" ಅಂತ ಭಾವ ಮೂರು ಸಲ ಕೇಳಿದ ಮೇಲೆ, "ಆ ಹುಡುಗಿ ಯಾರ ಮನೇದು?" ಅಂತ ಕೇಳಿ ಮಹಡಿ ಹತ್ತಿದಳು. ಭಾವ ಅದನ್ನು ಹೊಗಳಿಕೆ ಅಂತಲೇ ತಿಳಿದ.

ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಹೆಡ್ಮಾಸ್ಟರಿಗೆ ಹೊಸ ಆಸೆ ಹುಟ್ಟಿತು. ಅಧಿಕಾರಿ ಬಂದಾಗ ಬೋರ್ಡಿನ ಕೆಳಗೆ ಅದೇ ಮಕ್ಕಳನ್ನು ನಿಲ್ಲಿಸಿ ಪತ್ರಿಕೆಗೆ ಫೋಟೋ ಕೊಡಬೇಕಂತೆ. ಮೇಲೆ ಬೋರ್ಡಿನ ಮಕ್ಕಳು, ಕೆಳಗೆ ನಿಜವಾದ ಮಕ್ಕಳು. ಹಿಂದಿನ ದಿನ ರಿಹರ್ಸಲ್. ಮಕ್ಕಳು ಬೋರ್ಡಿಗೆ ಹೊಂದಬೇಕು ಅಂತ ಡ್ರಿಲ್ ಮೇಷ್ಟ್ರಿಗೆ ಕಟ್ಟಪ್ಪಣೆ. ಅವರು ಬೆಳಗಿನ ಬಿಸಿಲಿಗೇ ಸುತ್ತು ಹಾಕಿಸಿ ತಂದು ಬೆಂಚಿನ ಮೇಲೆ ಏರಿಸಿದರು. ಭಾವ ಎರಡೂ ದೀಪ ಹಚ್ಚಿದ. ಮಿಂಚು ಮೇಲಿನ ಸಾಲಿನಲ್ಲಿ, ತನ್ನದೇ ಕೆಂಪು ಮುಖದ ಕೆಳಗೆ ನಿಂತಿದ್ದಳು. ನನ್ನ ಕಡೆ ನೋಡಿ ಸ್ವಲ್ಪ ನಕ್ಕಳು.

"ಅಲ್ಲಾಡ್ಬೇಡಿ! ಉಸಿರು ಹಿಡ್ಕೊಳಿ!" ಅಂದ ಭಾವ.

ಅವಳು ಅಲ್ಲಾಡಲಿಲ್ಲ. ಹಾಗೇ, ನೆಟ್ಟಗೆ, ಮುಂದಕ್ಕೆ ಬಿದ್ದಳು. ಕೆಳಗಿನ ಸಾಲಿನವರು ಹಿಡಿಯದಿದ್ದರೆ ತಲೆ ಸಿಮೆಂಟಿಗೆ ಬಡಿಯುತ್ತಿತ್ತು. ಅವಳ ಹಿಂದೆಯೇ ಇನ್ನೊಬ್ಬಳು ಕುಸಿದಳು. ಆಮೇಲೆ ಆ ಉದ್ದನೆಯ ಹುಡುಗ.

ನಾನು ಹಾರಿ ಹೋಗಿ ಅವಳ ತಲೆ ತೊಡೆಯ ಮೇಲಿಟ್ಟುಕೊಂಡೆ. ಕೈ ತಣ್ಣಗಿತ್ತು. ಭಾವ ಕ್ಯಾಮೆರಾ ಬಿಸಾಡಿ ಬಂದವನು "ಮಿಂಚು, ಮಿಂಚು" ಅನ್ನುತ್ತ ಕೂತಲ್ಲೇ ಕೂತ. ಸುತ್ತ ನಿಂತವರ ಪಾಂಡಿತ್ಯ ಮಾತ್ರ ಆಗ ಕೇಳಬೇಕಿತ್ತು. ನೆನೆದರೆ ಈಗಲೂ ಕೈ ತುರಿಸುತ್ತದೆ.

"ದೀಪದ ಶಾಖ! ನಾನು ಮೊದಲೇ ಹೇಳಿದ್ದೆ!" ಅಂದರು ಹೆಡ್ಮಾಸ್ಟರು, ಹೇಳಿರಲಿಲ್ಲ.

"ವೋಲ್ಟೇಜು ಜಾಸ್ತಿ ಆಗಿದೆ," ಅಂದ ದೀಪದ ಅಂಗಡಿಯವನು. "ಬಲ್ಬಿಂದು ಏನೂ ತಪ್ಪಿಲ್ಲ."

"ಪರೀಕ್ಷೆ ಭಯ," ಅಂದರು ಲೆಕ್ಕದ ಮೇಷ್ಟ್ರು.

"ನಾಟಕ," ಅಂದರು ಡ್ರಿಲ್ ಮೇಷ್ಟ್ರು. "ಒಬ್ಬರು ಬಿದ್ರೆ ಎಲ್ಲಾರಿಗೂ ಬೀಳೋ ಚಟ."

"ಒಂದೊಂದು ಬಾಟಲಿ ಕಿತ್ತಳೆ ಕುಡಿಸಿ, ಎದ್ದು ಕೂತ್ಕೋತಾರೆ," ಅಂತ ಕ್ಯಾಂಟೀನಿನವನು ಬಾಟಲಿ ಹಿಡಿದು ಓಡಿ ಬಂದ. ನಾನು ಆ ಬಾಟಲಿ ಕಿತ್ತು ಎಸೆದೆ. ಇಡೀ ಕಥೆಯಲ್ಲಿ ನಾನು ಮಾಡಿದ ಒಂದೇ ಒಳ್ಳೆ ಕೆಲಸ ಅದು.

ಪಕ್ಕದ ಬೀದಿಯ ಕ್ಲಿನಿಕ್ಕಿನಿಂದ ಡಾಕ್ಟರಮ್ಮ ಬಂದರು. ಯಾರ ಮಾತೂ ಕೇಳಿಸಿಕೊಳ್ಳದೆ ಮಿಂಚುವಿನ ಪಕ್ಕ ಮಂಡಿಯೂರಿ, ಹೆಬ್ಬೆರಳಿನಿಂದ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪಿರಬೇಕಾದ ಕಡೆ ಕಾಗದದ ಬಿಳುಪು. ಪಕ್ಕದವಳ ಕಣ್ಣು ನೋಡಿದರು. ಆಮೇಲೆ ಎದ್ದು, ಬಿದ್ದವರನ್ನು ಬಿಟ್ಟು ನಿಂತವರ ಸಾಲಿಗೇ ಹೋದರು. ಒಂದು ಕಣ್ಣು, ಇನ್ನೊಂದು ಕಣ್ಣು, ಮತ್ತೊಂದು.

"ಬೆಳಗ್ಗೆ ಏನು ತಿಂದೆ?"

"ಏನಿಲ್ಲ, ಟೀ."

"ನೀನು?"

"ಬಿಸ್ಕತ್ತು."

"ನೀನು?"

"ಚಿಪ್ಸು. ಅಲ್ಲ, ಅದು ನಿನ್ನೆ."

"ನೀನು? ಏನೂ ತಿನ್ನಲ್ಲ ಅಂತ ಹಟನಾ?"

"ದಪ್ಪ ಆಗ್ತೀನಿ ಅಂತ ರಾತ್ರಿ ಊಟ ಬಿಟ್ಟಿದೀನಿ ಡಾಕ್ಟ್ರೇ," ಅಂದಳು ಮಣಿಕಟ್ಟು ನನ್ನ ಎರಡು ಬೆರಳಷ್ಟು ದಪ್ಪವಿದ್ದ ಒಬ್ಬಳು.

ಡಾಕ್ಟರಮ್ಮ ಅವಳ ಮುಷ್ಟಿ ಬಿಡಿಸಿದರು. ಒಳಗೆ ಅರ್ಧ ಕಚ್ಚಿದ ಸೀಮೆಸುಣ್ಣ.

"ಇದನ್ನೂ ತಿಂತೀಯಾ?"

"ತಿನ್ನಬೇಕು ಅನ್ಸುತ್ತೆ," ಅಂದಳು ನೆಲ ನೋಡುತ್ತ. "ಎಲ್ಲಾರಿಗೂ ಅನ್ಸುತ್ತೆ."

ಡಬ್ಬಿಗಟ್ಟಲೆ ಸೀಮೆಸುಣ್ಣ ಹೋದ ಜಾಗ ಹೆಡ್ಮಾಸ್ಟರಿಗೆ ಗೊತ್ತಾಯಿತು. ಕಳ್ಳರನ್ನು ಹಿಡಿದ ಸಂತೋಷವೋ ಏನೋ, ಬಾಯಿ ತೆರೆದವರು ಡಾಕ್ಟರಮ್ಮನ ಮುಖ ನೋಡಿ ಮುಚ್ಚಿಕೊಂಡರು.

"ಮೈಯಲ್ಲಿ ರಕ್ತ ಕಮ್ಮಿಯಾದ್ರೆ ಮಕ್ಕಳು ಸುಣ್ಣ ಮಣ್ಣು ತಿಂತಾರೆ ಸಾರ್. ಪರೀಕ್ಷೆ ಮಾಡಿ ಹೇಳ್ತೀನಿ, ಆದ್ರೆ ನನಗೆ ಈಗ್ಲೇ ಗೊತ್ತು. ಅರ್ಧ ಕ್ಲಾಸಿಗೆ ಮೈಯಲ್ಲಿ ರಕ್ತ ಇಲ್ಲ. ಇವರನ್ನ ಬಿಸಿಲಲ್ಲಿ ಓಡಿಸಿದೋರು ಯಾರು?"

ಡ್ರಿಲ್ ಮೇಷ್ಟ್ರು ಸೀಟಿಯನ್ನು ಮೆಲ್ಲಗೆ ಜೇಬಿಗೆ ಇಳಿಸಿದರು.

"ಹಂಗೆಲ್ಲ ಹೇಳ್ಬೇಡಿ ಡಾಕ್ಟ್ರೇ!" ಅಂತ ಹೆಡ್ಮಾಸ್ಟರು ಬೋರ್ಡಿನ ಕಡೆ ಕೈ ಮಾಡಿದರು. "ನೋಡಿ, ಹೋದ ವಾರ ತೆಗೆದಿದ್ದು. ಹೆಂಗಿದಾರೆ ನೋಡಿ ಮಕ್ಕಳು!"

ಡಾಕ್ಟರಮ್ಮ ತಲೆಯೆತ್ತಿ ಬೋರ್ಡು ನೋಡಿದರು. ತಗ್ಗಿಸಿ ನನ್ನ ತೊಡೆಯ ಮೇಲಿದ್ದ ಮುಖ ನೋಡಿದರು. ಮತ್ತೆ ಮೇಲೆ.

"ಇದನ್ನ ತೆಗೆದೋರು ಯಾರು?"

"ನಾನು," ಅಂದ ಭಾವ. "ಅವಳು ನನ್ನ ಮಗಳೇ."

"ಹೋದ ವಾರ ಈ ಮುಖ ನಿಮ್ಮ ಕಣ್ಣಿಗೆ ಕಾಣಿಸ್ಲೇ ಇಲ್ವಾ?"

"ಕಾಣಿಸ್ತು ಡಾಕ್ಟ್ರೇ," ಅಂದ ಭಾವ. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ನಾನೇ ಸರಿ ಮಾಡ್ದೆ."

ಅಕ್ಕ ಮಹಡಿಯಿಂದ ಓಡಿ ಬಂದವಳು ಈ ಮಾತು ಕೇಳಿಸಿಕೊಂಡೇ ಬಂದಳು. ಮಗಳ ಕೆನ್ನೆ ಸವರಿ, ಕಣ್ಣು ಬಿಟ್ಟದ್ದು ನೋಡಿದ ಮೇಲೆಯೇ ಅವಳ ಬಾಯಿ ತೆರೆದದ್ದು.

"ಬಣ್ಣ ಹಚ್ಚೋ ಅಷ್ಟು ಹೊತ್ತು ಮುಖ ನೋಡಿದ್ಯಲ್ಲೋ! ಎರಡೆರಡು ಸಲ ಹಚ್ಚಿದ್ಯಂತೆ, ನನ್ನ ತಮ್ಮ ಹೇಳ್ದ! ನಾನು ದಿನಾ ತಟ್ಟೆ ಹಿಡ್ಕೊಂಡು ಬಾಯಿ ಬಡ್ಕೊಂಡ್ರೆ ಮಾರ್ಕು ಹೋಗುತ್ತೆ ಅಂದ್ಯಲ್ಲ ನೀನು! ಮತ್ತೆ ನೀವು ಸಾರ್," ಹೆಡ್ಮಾಸ್ಟರ ಕಡೆ ತಿರುಗಿದಳು, "ಆರೋಗ್ಯ ಅಂತ ಬೋರ್ಡು ಬರೆದು ಕೆಳಗೆ ಚಿಪ್ಸ್ ಚಿತ್ರ ಹಾಕ್ಸಿದೀರಲ್ಲ, ನಿಮ್ಮ ಕ್ಯಾರಿಯರಲ್ಲಿ ದಿನಾ ಚಿಪ್ಸ್ ಬರುತ್ತಾ? ಬರಲ್ವಲ್ಲ? ಅದನ್ನ ನಮ್ಮ ಮಕ್ಕಳಿಗೆ ಮಾರೋಕೆ ಷಡ್ಡಕನ್ನ ಕೂರಿಸಿದೀರ!"

"ನಾನು ಯಾರಿಗೂ ಬಲವಂತ ಮಾಡಿಲ್ಲಮ್ಮ, ಮಕ್ಕಳು ಕೇಳಿದ್ದು ಕೊಡ್ತೀನಿ," ಅಂದ ಕ್ಯಾಂಟೀನಿನವನು.

"ಸೀಮೆಸುಣ್ಣನೂ ಕೇಳ್ತಾರೆ. ಅದನ್ನೂ ಇಡಪ್ಪ!"

ನನ್ನ ಅಕ್ಕ ಅಂತ ನಾನು ಅಂದು ಹೆಮ್ಮೆಪಟ್ಟೆ.

ಸಂಜೆಗೆ ರಕ್ತ ಪರೀಕ್ಷೆಯ ಫಲ ಬಂತು. ಮಿಂಚುವಿನ ಮೈಯಲ್ಲಿ ರಕ್ತದ ಅಂಶ ಇರಬೇಕಾದ್ದರ ಅರ್ಧಕ್ಕೆ ತುಸು ಮೇಲೆ. ಇನ್ನೂ ಸ್ವಲ್ಪ ಇಳಿದಿದ್ದರೆ ಆಸ್ಪತ್ರೆಗೇ ಸೇರಿಸಬೇಕಿತ್ತು ಅಂದರು ಡಾಕ್ಟರಮ್ಮ. ಕಬ್ಬಿಣದ ಮಾತ್ರೆ ಕೊಟ್ಟರು. ಬೆಳಗ್ಗೆ ತಿನ್ನದೆ ಮನೆ ಬಿಡಕೂಡದು, ಸೊಪ್ಪು, ಕಾಳು, ಮೊಟ್ಟೆ, ಹಣ್ಣು, ಊಟದ ಜೊತೆ ಟೀ ಬೇಡ. ಯಾವ ಕ್ಯಾಮೆರಾದಲ್ಲೂ ಸಿಗುವ ಸಾಮಾನಲ್ಲ ಇದು, ಮೂಲೆಯ ತರಕಾರಿ ಗಾಡಿಯಲ್ಲಿ ಸಿಗುತ್ತದೆ. ಭಾವ ಎಲ್ಲ ಕೇಳಿಸಿಕೊಂಡ. ಮರುದಿನ ಬೆಳಕು ಹರಿಯುತ್ತಲೇ ಏಣಿ ಹೊತ್ತು ಗೇಟಿಗೆ ಹೋಗಿ, ಕಾವಲುಗಾರ "ಸಾರ್, ಸಾರ್" ಅನ್ನುತ್ತಿದ್ದಂತೆಯೇ ಬೋರ್ಡಿನ ಮುಖಗಳ ಹಾಳೆಯನ್ನೆಲ್ಲ ಮೇಲಿಂದ ಕೆಳಗೆ ಪರಪರ ಹರಿದುಕೊಂಡು ಬಂದ. ಉಳಿದದ್ದು ಮೇಲೆ ಒಂದು ಸಾಲು, ಕೆಳಗೆ ಒಂದು ಚಿಪ್ಸ್ ಪೊಟ್ಟಣ.

ಅಧಿಕಾರಿ ಬರುವ ದಿನ ಅದು. ಹತ್ತು ಗಂಟೆಗೆ ಹೆಡ್ಮಾಸ್ಟರು ಬೆವರು ಸುರಿಸಿಕೊಂಡು ಸ್ಟುಡಿಯೋ ಬಾಗಿಲಿಗೆ ಬಂದರು. ಮಿಂಚು ಗಿರಾಕಿಗಳ ಸ್ಟೂಲಿನ ಮೇಲೆ ಕೂತಿದ್ದಳು. ಭಾವ ಎದುರಿಗೆ ನಿಂತು, ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಚಮಚ. ಬೇಯಿಸಿದ ಮೊಟ್ಟೆ, ಸೊಪ್ಪು. ಅವಳು ಮುಖ ಆಚೆ ತಿರುಗಿಸಿದರೆ ಅವನು ಗಲ್ಲ ಹಿಡಿದು ಈಚೆ ತಿರುಗಿಸುತ್ತಿದ್ದ. "ಈ ಕಡೆ ನೋಡು. ಗದ್ದ ಸ್ವಲ್ಪ ಮೇಲೆ. ಹಾಂ, ಹಂಗೇ, ಬಾಯಿ ತೆಗಿ."

"ಅಪ್ಪ, ಸಾಕು. ನಾನೇ ತಿಂತೀನಿ, ನಾಚಿಕೆ ಆಗುತ್ತೆ."

"ಆಗ್ಲಿ ಬಿಡು. ಮುಖಕ್ಕೆ ಒಳ್ಳೇದು."

"ಏನ್ರೀ!" ಹೆಡ್ಮಾಸ್ಟರು ಬಾಗಿಲಲ್ಲೇ ಸ್ಫೋಟಿಸಿದರು. "ಬೋರ್ಡು ಹರಿದ್ರಂತೆ! ತಲೆ ಸರಿಯಿದೆಯಾ? ಅಧಿಕಾರಿ ಮಧ್ಯಾಹ್ನ ಬರ್ತಾರೆ! ನೀವೇ ಹರಿದಿದ್ದು, ನೀವೇ ಹಾಕಿಕೊಡಿ!"

"ಸಾರ್, ಮಗು ಊಟ ಮಾಡ್ತಿದೆ. ಕೂತ್ಕೊಳಿ."

"ಕೂರೋ ಹೊತ್ತಾ ಇದು?"

"ಹಳೇ ಫೋಟೋ ಇದೆ ಸಾರ್, ಮೊದಲನೇ ಸಲ ತೆಗೆದಿದ್ದು. ಅದನ್ನ ಬೇಕಾದ್ರೆ ಈಗ್ಲೇ ಕೊಡ್ತೀನಿ. ಅಧಿಕಾರಿಗಳು ಅದನ್ನೇ ನೋಡ್ಲಿ."

"ಆ ಬೂದಿ ಮುಖಗಳನ್ನಾ? ಪ್ರಶಸ್ತಿ ಹೋಗುತ್ತೇರೀ! ಕೆಂಪು ಮುಖ ಬೇಕು ನನಗೆ!"

ಭಾವ ತಟ್ಟೆ ಕಡೆ ನೋಡಿದ, ಮತ್ತೊಂದು ತುತ್ತು ತುಂಬಿದ. ಮಿಂಚು ನುಂಗುವವರೆಗೂ ಕಾದ. ಹೆಡ್ಮಾಸ್ಟರು ಗಡಿಯಾರ ನೋಡಿ, ದನಿ ತಗ್ಗಿಸಿ, ಬೆಂಚಿನ ತುದಿಗೆ ಕೂತರು.

"ಆಯ್ತು ಮಾರಾಯ್ರೇ, ಜಗಳ ಬೇಡ. ಒಂದೇ ಮಾತು ಹೇಳಿಬಿಡಿ. ಆ ಮುಖಗಳಿಗೆಲ್ಲ ಮತ್ತೆ ಕೆಂಪು ಬರೋಕೆ ಎಷ್ಟು ಹೊತ್ತು ಬೇಕು?"

"ಡಾಕ್ಟ್ರು ಆರು ತಿಂಗಳು ಅಂದಿದಾರೆ ಸಾರ್," ಅಂದ ಭಾವ, ಮಗಳ ಕಡೆ ತಿರುಗಿ ಚಮಚ ಎತ್ತಿದ.